ಮನೆಯಲ್ಲಿ ಕಟ್ಟುವ ವಿಮಾನ: ಫೈಬರ್‌ಗ್ಲಾಸ್ ಮತ್ತು ಸೀಲಂಟ್ ಕೂಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನೋಪಿಗೆ, ಅಂದರೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳಕ್ಕೆ, ತೂತು ಕೊರೆದರೆ ಅದರ ಅಕ್ರಿಲಿಕ್ ಪ್ಲಾಸ್ಟಿಕ್ ಸೀಳುತ್ತದೆ ಅನ್ನುವ ಭಯದಿಂದ ಈಗ ಎಷ್ಟೋ ಜನ ಅದನ್ನು ಸೀಲಂಟ್‌ನಿಂದಲೇ ಅಂಟಿಸುತ್ತಾರೆ. ಒಳ್ಳೆಯ ದಾರಿಯೇ. ಆದರೆ ವಿಂಡ್‌ಸ್ಕ್ರೀನ್ ಬುಡಕ್ಕೆ ಫೈಬರ್‌ಗ್ಲಾಸ್ ಫೇರಿಂಗ್ (ಗಾಳಿ ಸಲೀಸಾಗಿ ಹರಿಯಲು ಸಂದು ಮುಚ್ಚುವ ತೆಳು ಹೊದಿಕೆ) ಕೂರಿಸುವ ಹೊತ್ತಿಗೆ ಎಲ್ಲರೂ ಒಂದು ಕ್ಷಣ ನಿಲ್ಲುತ್ತಾರೆ. ಒಂದು ಕಡೆ ರಬ್ಬರಿನಂಥ ಸೀಲಂಟ್, ಇನ್ನೊಂದು ಕಡೆ ಫೈಬರ್‌ಗ್ಲಾಸ್ ಬಟ್ಟೆಯನ್ನು ಗಟ್ಟಿ ಮಾಡುವ ಕಲ್ಲಿನಂಥ ಎಪಾಕ್ಸಿ ರೆಸಿನ್. ಎರಡೂ ಒಂದಕ್ಕೊಂದು ಹಿಡಿದುಕೊಳ್ಳುತ್ತವಾ? ಈ ಪುಟದ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಹುಟ್ಟಿದವು. ನಿಮ್ಮ ಕಿಟ್‌ನ ನಕ್ಷೆ ಮತ್ತು ಕೈಪಿಡಿ ಬೇರೆ ಏನಾದರೂ ಹೇಳಿದರೆ ಅದನ್ನೇ ಕೇಳಿ.

ಗಟ್ಟಿಯಾದ ಸೀಲಂಟ್ ಮೇಲೆ ನೇರವಾಗಿ ಫೈಬರ್‌ಗ್ಲಾಸ್ ಲೇಅಪ್ ಮಾಡಬಹುದಾ?

ಲೇಅಪ್ ಅಂದರೆ ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ಬಳಿಯುವುದು. ಮಾಡಬಹುದು. ಅದು ಒಣಗುತ್ತದೆ, ನೋಡಲು ಚೆನ್ನಾಗಿಯೇ ಕಾಣುತ್ತದೆ. ಆದರೆ ಅಲ್ಲಿ ಹಿಡಿತ ಇದೆ ಅಂತ ಲೆಕ್ಕ ಹಾಕಬೇಡಿ. ಸೀಲಂಟ್ ಇರುವ ಜಾಗವನ್ನು ಒಂದು ಮೆತ್ತನೆಯ ಹಾಸಿಗೆ ಅಂದುಕೊಳ್ಳಿ, ಅಷ್ಟೇ. ಫೈಬರ್‌ಗ್ಲಾಸ್ ನಿಜವಾಗಿ ಹಿಡಿಯಬೇಕಾದ್ದು ಅದರ ಎರಡೂ ಬದಿಯಲ್ಲಿರುವ, ಚೆನ್ನಾಗಿ ಉಜ್ಜಿ ಒರಟು ಮಾಡಿದ ಜಾಗವನ್ನು. ಸೀಲಂಟ್ ಅಂಚಿನಿಂದ ಆಚೆಗೆ ಕನಿಷ್ಠ 25 ಮಿ.ಮೀ. ಅಂಥ ಜಾಗ ಬಿಡುವುದು ನನ್ನ ಪದ್ಧತಿ.

ಇದಕ್ಕಿಂತ ಒಳ್ಳೆಯ ದಾರಿ ಇದೆ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠವೂ ಅದೇ: ಫೈಬರ್‌ಗ್ಲಾಸ್ ಮೊದಲು, ಸೀಲಂಟ್ ಆಮೇಲೆ. ಗಟ್ಟಿಯಾದ ಫೈಬರ್‌ಗ್ಲಾಸನ್ನು ಹಸಿ ಸೀಲಂಟ್ ಬಹಳ ಚೆನ್ನಾಗಿ ಹಿಡಿಯುತ್ತದೆ. ಗಟ್ಟಿಯಾದ ಸೀಲಂಟನ್ನು ಹಸಿ ಎಪಾಕ್ಸಿ ಅಷ್ಟಾಗಿ ಹಿಡಿಯುವುದಿಲ್ಲ. ಅವೇ ಎರಡು ವಸ್ತು, ಕ್ರಮ ಮಾತ್ರ ಬೇರೆ.

ಯಾಕೆ ಹಿಡಿಯುವುದಿಲ್ಲ? ಎಪಾಕ್ಸಿ ಎಲ್ಲಕ್ಕೂ ಅಂಟುತ್ತದೆ ಅಂತಾರಲ್ಲ?

ಎರಡು ಕಾರಣ. ಮೊದಲನೆಯದು ಮೇಲ್ಮೈ. ಪೂರ್ತಿ ಗಟ್ಟಿಯಾದ ಪಾಲಿಯುರಿಥೇನ್ ಸೀಲಂಟ್‌ನಲ್ಲಿ (ಕ್ಯಾನೋಪಿಗೆ ಬಳಸುವುದು ಇದನ್ನೇ) ಎಪಾಕ್ಸಿ ಜೊತೆ ಸೇರುವಂಥ ರಾಸಾಯನಿಕ ಕೊಂಡಿಗಳು ಹೆಚ್ಚು ಉಳಿದಿರುವುದಿಲ್ಲ. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ಪದಾರ್ಥವೂ ನಿಧಾನವಾಗಿ ಮೇಲಕ್ಕೆ ಬರಬಹುದು. ಸ್ಯಾಂಡ್ ಪೇಪರ್ ಹಾಕಿ ಉಜ್ಜೋಣ ಅಂದರೆ ರಬ್ಬರ್ ಸರಿಯಾಗಿ ಒರಟಾಗುವುದಿಲ್ಲ. ಸುಮ್ನೆ ಉಂಡೆ ಉಂಡೆಯಾಗಿ ಏಳುತ್ತದೆ. ಆ ಉಂಡೆಗಳು ಪಕ್ಕದ ಶುದ್ಧ ಜಾಗಕ್ಕೂ ಮೆತ್ತಿಕೊಳ್ಳುತ್ತವೆ.

ಎರಡನೆಯದು ಬಿಗಿತ. ಗಟ್ಟಿಯಾದ ಫೈಬರ್‌ಗ್ಲಾಸ್ ಈ ಸೀಲಂಟ್‌ಗಿಂತ ಸಾವಿರಾರು ಪಟ್ಟು ಬಿಗಿ. ಸೀಲಂಟ್ ಎಳೆದರೆ ಹಿಗ್ಗುತ್ತದೆ, ಫೈಬರ್‌ಗ್ಲಾಸ್ ಹಿಗ್ಗುವುದಿಲ್ಲ. ಎರಡೂ ಸೇರುವ ಅಂಚಿನಲ್ಲಿ ಎಲ್ಲ ಬಲವೂ ಒಂದು ಸಣ್ಣ ಗೆರೆಯ ಮೇಲೆ ಬೀಳುತ್ತದೆ. ಅಲ್ಲಿಂದ ಸಿಪ್ಪೆ ಸುಲಿದ ಹಾಗೆ ಬಿಟ್ಟುಕೊಂಡು ಬರುತ್ತದೆ.

ಹಾಗಾದರೆ ಸೀಲಂಟ್ ಹಸಿಯಾಗಿರುವಾಗಲೇ ಮೇಲೆ ಬಟ್ಟೆ ಹಾಸಿದರೆ?

ದಯವಿಟ್ಟು ಬೇಡ. ಇದು ಜಾಣತನದ ಹಾಗೆ ಕಾಣುತ್ತದೆ, ಆದರೆ ಮೇಲಿನದಕ್ಕಿಂತ ಕೆಟ್ಟದ್ದು. ಒಂದೇ ಟ್ಯೂಬಿನಿಂದ ಬರುವ ಪಾಲಿಯುರಿಥೇನ್ ಸೀಲಂಟ್ ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ. ಮೇಲೆ ಎಪಾಕ್ಸಿ ಮುಚ್ಚಿದರೆ ತೇವ ಒಳಗೆ ಹೋಗುವ ದಾರಿಯೇ ಬಂದ್. ಒಳಗೆ ವಾರಗಟ್ಟಲೆ ಹಸಿಯಾಗಿಯೇ ಉಳಿಯಬಹುದು. ಜೊತೆಗೆ ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿರುವ ಅಮೈನ್ ಅನ್ನುವ ರಾಸಾಯನಿಕಗಳು, ಸೀಲಂಟ್ ಗಟ್ಟಿಯಾಗಲು ಬೇಕಾದ ಐಸೋಸಯನೇಟ್ ಜೊತೆ ಸೇರಿಕೊಂಡುಬಿಡುತ್ತವೆ. ಆಗ ಎಪಾಕ್ಸಿಯ ಅಳತೆಯೂ ಕೆಡುತ್ತದೆ, ಸೀಲಂಟ್‌ನದೂ ಕೆಡುತ್ತದೆ. ಎರಡೂ ಸೇರುವ ಕಡೆ ಜಿಗುಟು ಪದರ ಉಳಿಯಬಹುದು.

ಎಷ್ಟು ದಿನ ಕಾಯಬೇಕು ಅಂದರೆ, ಮೊದಲ 24 ಗಂಟೆಯಲ್ಲಿ ಸುಮಾರು 3 ಮಿ.ಮೀ. ಆಳಕ್ಕೆ ಗಟ್ಟಿಯಾಗುತ್ತದೆ. ಎರಡನೇ ದಿನ ಇನ್ನೊಂದು 3 ಮಿ.ಮೀ. ಅಂತ ಲೆಕ್ಕ ಹಾಕಬೇಡಿ. ಗಟ್ಟಿಯಾದ ಪದರವೇ ತೇವವನ್ನು ತಡೆಯುವುದರಿಂದ ವೇಗ ಇಳಿಯುತ್ತಾ ಹೋಗುತ್ತದೆ. ಒಂದೇ ಕಡೆಯಿಂದ ಗಾಳಿ ತಾಗುವ 10 ಮಿ.ಮೀ. ಆಳದ ಸೀಲಂಟ್‌ಗೆ ಹತ್ತು ದಿನ ಕೊಟ್ಟರೂ ಜಾಸ್ತಿಯಲ್ಲ. ಒಣ ಹವೆಯಲ್ಲಿ ಇನ್ನೂ ತಡ.

ಗಟ್ಟಿಯಾದ ಫೈಬರ್‌ಗ್ಲಾಸ್ ಭಾಗವನ್ನು ಸೀಲಂಟ್‌ಗೆ ಸಿದ್ಧ ಮಾಡುವುದು ಹೇಗೆ?

ಇಲ್ಲಿ ಹಾಕಿದ ಶ್ರಮ ಯಾವತ್ತೂ ನಷ್ಟ ಅಲ್ಲ. ಅಂಟು ಬಿಟ್ಟ ಭಾಗಗಳನ್ನು ತಿರುಗಿಸಿ ನೋಡಿದಾಗಲೆಲ್ಲ ನನಗೆ ಕಂಡದ್ದು ಒಂದೇ: ಸೀಲಂಟ್ ಹರಿದಿರಲಿಲ್ಲ, ಮೇಲ್ಮೈಯಿಂದ ಎದ್ದು ಬಂದಿತ್ತು.

ಮೊದಲು ಆ ಭಾಗ ಎಲ್ಲಿಂದ ಬಂತು ಅಂತ ನೋಡಿ. ಅಚ್ಚಿನಲ್ಲಿ ತೆಗೆದ ಕಿಟ್ ಭಾಗ ಆಗಿದ್ದರೆ ಮೇಲೆ ಅಚ್ಚು ಬಿಡಿಸುವ ಮೇಣ ಇರುತ್ತದೆ. ಅದನ್ನು ತೆಗೆಯುವ ಮೊದಲೇ ಸ್ಯಾಂಡ್ ಪೇಪರ್ ಹಾಕಿದರೆ ಮೇಣವನ್ನು ಗೀರುಗಳ ಒಳಗೆ ತಳ್ಳಿದ ಹಾಗಾಗುತ್ತದೆ. ಆದ್ದರಿಂದ ಮೊದಲು ದ್ರಾವಕದಲ್ಲಿ ಒರೆಸಿ, ಆಮೇಲೆ ಉಜ್ಜಿ, ಆಮೇಲೆ ಮತ್ತೆ ಒರೆಸಿ. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದ ತಕ್ಷಣ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಬೇಕು. ದ್ರಾವಕ ಅಲ್ಲೇ ಆರಿದರೆ ಕೊಳೆಯೂ ಅಲ್ಲೇ ಕೂರುತ್ತದೆ. ಬಟ್ಟೆಯನ್ನು ಆಗಾಗ ಬದಲಾಯಿಸಿ.

ನೀವೇ ಎಪಾಕ್ಸಿಯಲ್ಲಿ ಮಾಡಿದ ಭಾಗ ಆಗಿದ್ದರೆ ಶತ್ರು ಬೇರೆ. ಕೆಲವು ಹಾರ್ಡನರ್‌ಗಳು, ಅದರಲ್ಲೂ ತೇವದ ಹವೆಯಲ್ಲಿ, ಮೇಲ್ಮೈಯಲ್ಲಿ ತೆಳುವಾದ ಜಿಡ್ಡು ಪದರ ಬಿಡುತ್ತವೆ. ಇದಕ್ಕೆ ಅಮೈನ್ ಬ್ಲಶ್ ಅಂತಾರೆ. ಅದು ದ್ರಾವಕಕ್ಕೆ ಬಗ್ಗುವುದಿಲ್ಲ, ನೀರಿಗೆ ಕರಗುತ್ತದೆ. ಬೆಚ್ಚಗಿನ ನೀರು ಮತ್ತು ಒರಟು ಪ್ಯಾಡ್‌ನಲ್ಲಿ ತಿಕ್ಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಉಜ್ಜಿ.

ಲೇಅಪ್ ಮಾಡುವಾಗಲೇ ಮೇಲೆ ಪೀಲ್ ಪ್ಲೈ (ಗಟ್ಟಿಯಾದ ಮೇಲೆ ಕಿತ್ತು ತೆಗೆಯುವ ತೆಳು ಬಟ್ಟೆ) ಹಾಸಿದ್ದರೆ ಅರ್ಧ ಕೆಲಸ ಉಳಿಯಿತು. ಅಂಟಿಸುವ ದಿನದವರೆಗೂ ಅದನ್ನು ಕೀಳಬೇಡಿ, ಧೂಳು ಮತ್ತು ಬೆರಳ ಜಿಡ್ಡಿನಿಂದ ಕಾಪಾಡುತ್ತದೆ. ಪೀಲ್ ಪ್ಲೈ ಕಿತ್ತ ಮೇಲೂ ನಾನು 80 ಅಥವಾ 120 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಹಗುರವಾಗಿ ಒಂದು ಕೈ ಆಡಿಸುತ್ತೇನೆ. ಎಲ್ಲಿಯೂ ಹೊಳಪು ಉಳಿಯಬಾರದು. ಹಾಗಂತ ನಾರುಗಳೇ ತುಂಡಾಗುವಷ್ಟು ಉಜ್ಜಲೂ ಬಾರದು.

ಕೊನೆಗೆ ಒಂದು ಸರಳ ಪರೀಕ್ಷೆ. ಸ್ವಲ್ಪ ಶುದ್ಧ ನೀರು ಚಿಮುಕಿಸಿ. ನೀರು ಹಾಳೆಯ ಹಾಗೆ ಹರಡಿ ನಿಂತರೆ ಮೇಲ್ಮೈ ಶುದ್ಧ. ಮಣಿ ಮಣಿಯಾಗಿ ಉರುಳಿದರೆ ಇನ್ನೂ ಜಿಡ್ಡಿದೆ, ಮತ್ತೆ ಮೊದಲಿಂದ ಶುರು ಮಾಡಿ. ಪರೀಕ್ಷೆ ಆದ ಮೇಲೆ ಪೂರ್ತಿ ಒಣಗಿಸುವುದನ್ನು ಮರೆಯಬೇಡಿ.

ಸರಿ, ವಿಂಡ್‌ಸ್ಕ್ರೀನ್ ಫೇರಿಂಗ್‌ಗೆ ನೀವು ಯಾವ ಕ್ರಮ ಹೇಳುತ್ತೀರಿ?

ನನ್ನ ಮೊದಲ ಫೇರಿಂಗನ್ನು ನಾನು ಸೀಲಂಟ್ ಮೇಲೆಯೇ ಹಾಸಿದ್ದೆ. ಬಣ್ಣ ಹೊಡೆದ ಮೇಲೆ ಬಹಳ ಸೊಗಸಾಗಿತ್ತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅಕ್ರಿಲಿಕ್ ಕಡೆಯ ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಉಗುರು ಹಾಕಿದರೆ ಒಳಗೆ ಹೋಗುತ್ತಿತ್ತು. ಕಿತ್ತು ಮತ್ತೆ ಮಾಡಲು ಮೊದಲ ಸಲಕ್ಕಿಂತ ಎರಡು ಪಟ್ಟು ಹೊತ್ತು ಹಿಡಿಯಿತು. ಅಲ್ಲಿಂದ ಮುಂದೆ ನಾನು ಮಾಡುವ ಕ್ರಮ ಹೀಗಿದೆ.

ವಿಂಡ್‌ಸ್ಕ್ರೀನನ್ನು ಅದರ ಜಾಗದಲ್ಲಿ ಕೂರಿಸಿ, ಅಂಟಿಸಿ, ಸೀಲಂಟ್ ಪೂರ್ತಿ ಗಟ್ಟಿಯಾಗಲು ಬಿಡಿ. ಆಮೇಲೆ ಫೇರಿಂಗ್ ಬರುವ ಇಡೀ ಜಾಗವನ್ನು, ಅಕ್ರಿಲಿಕ್ ಮತ್ತು ಲೋಹ ಎರಡನ್ನೂ, ಪ್ಯಾಕಿಂಗ್ ಟೇಪಿನಿಂದ ಮುಚ್ಚಿ. ಟೇಪಿನ ನಯವಾದ ಪ್ಲಾಸ್ಟಿಕ್ ಬೆನ್ನಿಗೆ ಎಪಾಕ್ಸಿ ಅಂಟುವುದಿಲ್ಲ. ಸುಕ್ಕು ಬಾರದ ಹಾಗೆ ಸಣ್ಣ ಸಣ್ಣ ತುಂಡುಗಳಾಗಿ ಹಚ್ಚಿ, ಯಾಕೆಂದರೆ ಪ್ರತಿ ಸುಕ್ಕೂ ಫೇರಿಂಗ್‌ನ ಒಳಮೈಯಲ್ಲಿ ಮೂಡುತ್ತದೆ. ಮೂಲೆಯಲ್ಲಿ ಬೇಕಾದ ಬಾಗುವಿಕೆಗೆ ಜೇಡಿಯಂಥ ಮಾಡೆಲಿಂಗ್ ಕ್ಲೇ ತುಂಬಿ, ಅದರ ಮೇಲೂ ಟೇಪ್ ಹಾಕಿ.

ಈಗ ಟೇಪಿನ ಮೇಲೆ ಲೇಅಪ್. ಬಟ್ಟೆಯನ್ನು ನೇಯ್ಗೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಬಾಗಿದ ಜಾಗದ ಸುತ್ತ ಸಲೀಸಾಗಿ ಕೂರುತ್ತದೆ. ಮೊದಲು ಅಗಲದ ಪಟ್ಟಿ, ಮೇಲೆ ಒಂದೊಂದೇ ಕಿರಿದಾದ ಪಟ್ಟಿ. ನಾಲ್ಕೈದು ಪದರ ಸಾಕಾಗುತ್ತದೆ. ಮೇಲೆ ಪೀಲ್ ಪ್ಲೈ. ಗಟ್ಟಿಯಾದ ಮೇಲೆ ಇಡೀ ಫೇರಿಂಗ್ ಒಂದು ತೊಗಟೆಯ ಹಾಗೆ ಎದ್ದು ಬರುತ್ತದೆ. ಅದನ್ನು ಮೇಜಿನ ಮೇಲಿಟ್ಟು ಅಂಚು ಕತ್ತರಿಸಿ, ಒಳಮೈ ಉಜ್ಜಿ, ಮೇಲ್ಮೈಗೆ ಮೈಕ್ರೋಬಲೂನ್ (ಟೊಳ್ಳಾದ ಸಣ್ಣ ಮಣಿಗಳ ಹಗುರ ಪುಡಿ) ಬೆರೆಸಿದ ಎಪಾಕ್ಸಿ ಸವರಿ ನಯ ಮಾಡಬಹುದು. ಅಕ್ರಿಲಿಕ್ ಪಕ್ಕದಲ್ಲೇ ಸ್ಯಾಂಡ್ ಪೇಪರ್ ಆಡಿಸುವ ಎದೆಬಡಿತ ಇಲ್ಲ.

ಕೊನೆಗೆ ಟೇಪ್, ಕ್ಲೇ ಎಲ್ಲ ತೆಗೆದು, ಕ್ಲೇಯ ಜಿಡ್ಡು ಒಂದಿಷ್ಟೂ ಉಳಿಯದ ಹಾಗೆ ಒರೆಸಿ. ಹೊಸ ಸೀಲಂಟ್ ತಾಗುವ ಜಾಗವನ್ನು ಒರಟು ಮಾಡಿ, ಹಿಡಿತ ಹೆಚ್ಚಿಸುವ ಪ್ರೈಮರ್ ಹಚ್ಚಿ. ಫೇರಿಂಗನ್ನು ಸೀಲಂಟ್‌ನಿಂದ ಕೂರಿಸಿ. ಈಗ ಅಕ್ರಿಲಿಕ್ ಹಿಗ್ಗಿದರೂ ಕುಗ್ಗಿದರೂ ಜೊತೆಗೆ ಆಡುವ ಮೆತ್ತನೆಯ ಪದರ ಎಲ್ಲ ಕಡೆ ಇದೆ. ಕ್ಯಾನೋಪಿಗೆ ಸೀಲಂಟ್ ಬಳಸಿದ್ದೇ ಅದಕ್ಕಾಗಿ, ಅಲ್ವಾ? ಮೇಲಿಂದ ಗಟ್ಟಿ ಎಪಾಕ್ಸಿಯ ಸೇತುವೆ ಕಟ್ಟಿ ಅಕ್ರಿಲಿಕ್ ಮತ್ತು ಲೋಹವನ್ನು ಬಿಗಿದುಬಿಟ್ಟರೆ ಆ ಲಾಭವೇ ಹೋಯಿತು.

ಸೀಲಂಟ್ ಪದರ ಎಷ್ಟು ದಪ್ಪ ಇರಬೇಕು?

ಒಂದು ಲೆಕ್ಕ ಮಾಡೋಣ. ಅಕ್ರಿಲಿಕ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ, ಪ್ರತಿ ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಅಲ್ಯೂಮಿನಿಯಂ ಸುಮಾರು 0.023 ಮಿ.ಮೀ. ಎಪಾಕ್ಸಿ ಫೈಬರ್‌ಗ್ಲಾಸ್ ಅಲ್ಯೂಮಿನಿಯಂಗೆ ಹತ್ತಿರವೇ, ಸ್ವಲ್ಪ ಕಡಿಮೆ. ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ 40 ಡಿಗ್ರಿ ಏರಿತು ಅಂದುಕೊಳ್ಳಿ. ಒಂದು ಮೀಟರ್ ಉದ್ದದಲ್ಲಿ ಅಕ್ರಿಲಿಕ್ ಅಲ್ಯೂಮಿನಿಯಂಗಿಂತ ಸುಮಾರು 1.9 ಮಿ.ಮೀ. ಹೆಚ್ಚು ಹಿಗ್ಗುತ್ತದೆ. ನಡುಭಾಗ ಅಲ್ಲೇ ನಿಂತರೆ ಎರಡೂ ತುದಿಯಲ್ಲಿ ತಲಾ 1 ಮಿ.ಮೀ. ಹತ್ತಿರ.

ಸೀಲಂಟ್ 3 ಮಿ.ಮೀ. ದಪ್ಪ ಇದ್ದರೆ ಆ 1 ಮಿ.ಮೀ. ಜಾರಿಕೆ ಅದಕ್ಕೆ ಏನೂ ಅಲ್ಲ. ಅದೇ ಅರ್ಧ ಮಿ.ಮೀ. ದಪ್ಪಕ್ಕೆ ಹಿಂಡಿಬಿಟ್ಟಿದ್ದರೆ ತನ್ನ ದಪ್ಪದ ಎರಡು ಪಟ್ಟು ಜಾರಬೇಕಾಗುತ್ತದೆ, ಅದೂ ದಿನವೂ. ಹೀಗಾಗಿ ಕ್ಲ್ಯಾಂಪ್ ಹಾಕಿ ಗಟ್ಟಿಯಾಗಿ ಒತ್ತಬೇಡಿ. 3 ಮಿ.ಮೀ. ದಪ್ಪದ ಸಣ್ಣ ರಬ್ಬರ್ ತುಂಡುಗಳನ್ನು ಅಲ್ಲಲ್ಲಿ ಇಟ್ಟರೆ ಅಂತರ ಉಳಿಯುತ್ತದೆ. ಅದೇ ಸೀಲಂಟನ್ನು ಮೊದಲೇ ಹಾಳೆ ಮಾಡಿ ಒಣಗಿಸಿ, ಚೌಕ ಚೌಕವಾಗಿ ಕತ್ತರಿಸಿ ಇಟ್ಟರೆ ಇನ್ನೂ ಒಳ್ಳೆಯದು. ಗಟ್ಟಿ ಎಪಾಕ್ಸಿ ಅಂಟಿನ ವಿಷಯ ಇದಕ್ಕೆ ಉಲ್ಟಾ, ಅದು ತೆಳುವಾಗಿದ್ದಾಗಲೇ ಬಲ. ಎರಡನ್ನೂ ಒಂದೇ ಅಭ್ಯಾಸದಲ್ಲಿ ಬಳಸಬೇಡಿ.

ಇಷ್ಟು ಮೆತ್ತನೆಯ ವಸ್ತು ಗಾಳಿಯ ಬಲಕ್ಕೆ ನಿಲ್ಲುತ್ತಾ?

ಗಂಟೆಗೆ 300 ಕಿ.ಮೀ. ವೇಗದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಚದರ ಮೀಟರಿಗೆ ಸುಮಾರು 4,250 ನ್ಯೂಟನ್. ಒಂದು ಚದರ ಮೀಟರ್ ಕ್ಯಾನೋಪಿಯ ಮೇಲೆ ಅಷ್ಟೂ ಎಳೆತ ಬಿತ್ತು ಅನ್ನೋಣ. ಸುತ್ತಲೂ 3 ಮೀಟರ್ ಉದ್ದ, 25 ಮಿ.ಮೀ. ಅಗಲ ಸೀಲಂಟ್ ಇದ್ದರೆ ಪ್ರತಿ ಚದರ ಮಿ.ಮೀ.ಗೆ ಬರುವುದು 0.06 ನ್ಯೂಟನ್‌ಗಿಂತ ಕಡಿಮೆ. ಈ ಕೆಲಸಕ್ಕೆ ಬಳಸುವ ಪಾಲಿಯುರಿಥೇನ್ ಸೀಲಂಟ್‌ಗಳು ಹರಿಯಲು ಚದರ ಮಿ.ಮೀ.ಗೆ ಕೆಲವು ನ್ಯೂಟನ್ ಬೇಕು.

ಅಂದರೆ ಸೀಲಂಟ್‌ಗೆ ಬಲ ಧಾರಾಳ ಇದೆ. ಆದರೆ ನಿಜ ಜೀವನದಲ್ಲಿ ಬಲ ಸಮವಾಗಿ ಹಂಚುವುದಿಲ್ಲ. ಅಂಚೊಂದು ಎದ್ದರೆ ಗಾಳಿ ಅಲ್ಲಿಂದಲೇ ಸುಲಿಯುತ್ತದೆ. ಆದ್ದರಿಂದ ಗಾಳಿಗೆ ಮುಖ ಮಾಡಿದ ಮುಂದಿನ ಅಂಚು ಎಲ್ಲಿಯೂ ತೆರೆದಿರಬಾರದು. ಇನ್ನು ರೆಕ್ಕೆಯ ಭಾರ ಹೊರುವ ತೊಲೆಯಾದ ಸ್ಪಾರ್, ನಿಯಂತ್ರಣದ ಹಿಂಜ್, ಎಂಜಿನ್ ಮೌಂಟ್ ಇಂಥ ಕಡೆ ಈ ಮೆತ್ತನೆಯ ಸೀಲಂಟ್‌ಗೆ ಜಾಗವೇ ಇಲ್ಲ.

ಯಾವ ಸೀಲಂಟ್ ಎಲ್ಲಿಗೆ?

ಕಿಟಕಿ, ಕ್ಯಾನೋಪಿ, ಫೇರಿಂಗ್‌ಗೆ ಪಾಲಿಯುರಿಥೇನ್. ಸಿಕಾಫ್ಲೆಕ್ಸ್ 295 ಯುವಿ ಇದರಲ್ಲಿ ಬಹಳ ಜನರಿಗೆ ಗೊತ್ತಿರುವುದು. ದೋಣಿಗಳ ಅಕ್ರಿಲಿಕ್ ಕಿಟಕಿ ಅಂಟಿಸಲೆಂದೇ ತಯಾರಾದ ಸೀಲಂಟ್ ಅದು.

ಪೆಟ್ರೋಲ್ ಮುಟ್ಟುವ ಕಡೆ ಪಾಲಿಸಲ್ಫೈಡ್. ವಿಮಾನ ಕಟ್ಟುವವರು ಪ್ರೊಸೀಲ್ ಅನ್ನುವುದು ಇದನ್ನೇ. ಎರಡು ಭಾಗ ಬೆರೆಸಿ ಬಳಸುವುದು, ಸಾಮಾನ್ಯವಾಗಿ ತೂಕದಲ್ಲಿ 10ಕ್ಕೆ 1. ತೇವಕ್ಕೆ ಕಾಯದೆ ತನ್ನೊಳಗೇ ಗಟ್ಟಿಯಾಗುತ್ತದೆ. ಡಬ್ಬಿಯ ಮೇಲೆ ಬಿ-2 ಅಂತಿದ್ದರೆ, ದಪ್ಪನೆಯ ಮಾದರಿ, ಬೆರೆಸಿದ ಮೇಲೆ ಬಳಸಲು 2 ಗಂಟೆ ಸಮಯ ಅಂತ ಅರ್ಥ. ಉಜ್ಜಿದ ಫೈಬರ್‌ಗ್ಲಾಸ್‌ಗೆ ಇದೂ ಚೆನ್ನಾಗಿ ಹಿಡಿಯುತ್ತದೆ.

ಸಿಲಿಕೋನ್ ಮಾತ್ರ ಕೆಲಸ ಮಾಡುವ ಜಾಗದ ಒಳಗೇ ತರಬೇಡಿ. ಅದರ ಅಂಶ ಎಲ್ಲೆಡೆ ಹರಡಿದರೆ ಎಪಾಕ್ಸಿಯೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಹುಳಿ ವಾಸನೆ ಬರುವ ಸಿಲಿಕೋನ್ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ.

ಪ್ರೈಮರ್ ಬೇಕೇ ಬೇಕಾ?

ಸೀಲಂಟ್ ತಯಾರಕರು ಹೇಳಿದ್ದರೆ ಬೇಕು. ಅಕ್ರಿಲಿಕ್, ಅಲ್ಯೂಮಿನಿಯಂ, ಫೈಬರ್‌ಗ್ಲಾಸ್ ಮೂರಕ್ಕೂ ಬೇರೆ ಬೇರೆ ಪ್ರೈಮರ್ ಇರಬಹುದು. ತಯಾರಕರ ಪಟ್ಟಿ ನೋಡಿ, ಒಂದೇ ಕಂಪನಿಯದ್ದನ್ನೇ ಬಳಸಿ. ಒಣಗುವ ಸಮಯ ಎರಡು ಕಡೆಯಿಂದಲೂ ಮುಖ್ಯ: ಬೇಗ ಸೀಲಂಟ್ ಹಾಕಬಾರದು, ಬಹಳ ತಡವೂ ಮಾಡಬಾರದು. ಅಕ್ರಿಲಿಕ್ ಮೇಲಿನ ಕಪ್ಪು ಪ್ರೈಮರ್ ಇನ್ನೊಂದು ಉಪಕಾರ ಮಾಡುತ್ತದೆ. ಪಾರದರ್ಶಕ ಅಕ್ರಿಲಿಕ್ ಮೂಲಕ ಬಿಸಿಲು ನೇರವಾಗಿ ಅಂಟಿನ ಗೆರೆಗೆ ಬಡಿಯುವುದನ್ನು ತಡೆಯುತ್ತದೆ.

ಅಕ್ರಿಲಿಕ್ ಒರೆಸಲು ಅಸಿಟೋನ್ ಆಗುತ್ತಾ?

ಬೇಡವೇ ಬೇಡ. ಅಸಿಟೋನ್, ಥಿನ್ನರ್, ಎಂಇಕೆಯಂಥ ದ್ರಾವಕಗಳೆಲ್ಲವೂ ಅಕ್ರಿಲಿಕ್‌ನಲ್ಲಿ ಬಿರುಕಿನ ಜಾಲ ಎಬ್ಬಿಸುತ್ತವೆ. ಕೆಲವು ಸಲ ದಿನಗಳು ಕಳೆದ ಮೇಲೆ ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ಬಟ್ಟೆಗೆ ಹಾಕಿ ಒರೆಸಬಹುದು, ಆದರೆ ಅದು ಪೂರ್ತಿ ಆರಬೇಕು. ಹಸಿ ಪಾಲಿಯುರಿಥೇನ್‌ಗೆ ಆಲ್ಕೋಹಾಲ್ ತಾಗಿದರೆ ಅದು ಗಟ್ಟಿಯಾಗುವುದೇ ನಿಲ್ಲುತ್ತದೆ. ಹಾಗಾಗಿ ಹಸಿ ಸೀಲಂಟನ್ನು ಬೆರಳಲ್ಲಿ ನಯ ಮಾಡುವಾಗಲೂ ಆಲ್ಕೋಹಾಲ್ ಮುಟ್ಟಬೇಡಿ.

ಎಪಾಕ್ಸಿ ಬದಲು ಪಾಲಿಯೆಸ್ಟರ್ ರೆಸಿನ್?

ಅಕ್ರಿಲಿಕ್ ಹತ್ತಿರ ಬೇಡ. ಅದರಲ್ಲಿರುವ ಸ್ಟೈರೀನ್ ಅಕ್ರಿಲಿಕ್‌ಗೂ ಆಗದು, ಸ್ಟೈರೋಫೋಮ್‌ಗೂ ಆಗದು. ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ವಾರಿಈಜ಼ಿ ವಿಮಾನ 1975ರಲ್ಲಿ ಹಾರಿದ ಮೇಲೆ ಅಚ್ಚಿಲ್ಲದೆ ಫೋಮ್ ಮೇಲೆ ಫೈಬರ್‌ಗ್ಲಾಸ್ ಹಾಸುವ ವಿಧಾನ ಮನೆಯಲ್ಲಿ ವಿಮಾನ ಕಟ್ಟುವವರಲ್ಲಿ ಹರಡಿತು. ಅಲ್ಲಿ ಎಪಾಕ್ಸಿಯೇ ಬೇಕಾದ ಕಾರಣಗಳಲ್ಲಿ ಇದೂ ಒಂದು.

ಸೀಲಂಟ್ ಮೇಲೆ ಹಾಸಿದ ಫೇರಿಂಗ್ ಆಗಲೇ ಎದ್ದಿದೆ. ಈಗ ಏನು ಮಾಡಲಿ?

ಎದ್ದ ಬಿರುಕಿಗೆ ಎಪಾಕ್ಸಿ ಇಂಜೆಕ್ಷನ್ ಕೊಡಬೇಡಿ. ಒಳಗೆ ಧೂಳು, ನೀರು ಸೇರಿರುತ್ತದೆ, ಹಿಡಿಯುವುದಿಲ್ಲ. ಪೂರ್ತಿ ಎತ್ತಿ ತೆಗೆಯುವುದೇ ಸರಿ. ಅಕ್ರಿಲಿಕ್ ಮೇಲೆ ಪ್ಲಾಸ್ಟಿಕ್ ಸ್ಕ್ರೇಪರ್ ಮಾತ್ರ ಬಳಸಿ.

ಇಲ್ಲಿ ಒಂದು ಸಮಾಧಾನದ ವಿಷಯ ಇದೆ. ಹಳೆಯ ಪಾಲಿಯುರಿಥೇನ್ ಕೆಳಗೆ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಬುಡಸಮೇತ ಕೆರೆಯಬೇಕಿಲ್ಲ. ಚೂಪಾದ ಚಾಕುವಿನಿಂದ ಮೇಲಿನ ಭಾಗ ಸೀಳಿ, 1ರಿಂದ 2 ಮಿ.ಮೀ. ಪದರ ಉಳಿಸಿ. ಹೊಸದಾಗಿ ಕತ್ತರಿಸಿದ ಪಾಲಿಯುರಿಥೇನ್ ಮೇಲೆ ಹಸಿ ಪಾಲಿಯುರಿಥೇನ್ ಚೆನ್ನಾಗಿ ಹಿಡಿಯುತ್ತದೆ. ಕಾರಿನ ಮುಂಗಾಜು ಬದಲಾಯಿಸುವವರು ದಿನವೂ ಹೀಗೇ ಮಾಡುತ್ತಾರೆ. ಎದ್ದು ಬಂದ ಫೈಬರ್‌ಗ್ಲಾಸ್ ತುಂಡಾಗದಿದ್ದರೆ ಅದರ ಒಳಮೈ ಉಜ್ಜಿ, ಅದನ್ನೇ ಮತ್ತೆ ಸೀಲಂಟ್‌ನಿಂದ ಕೂರಿಸಬಹುದು.

ಫೈಬರ್‌ಗ್ಲಾಸ್ ಇಂಧನ ಟ್ಯಾಂಕ್‌ಗೆ ಪಾಲಿಸಲ್ಫೈಡ್ ಹಾಕಿದರೆ ಸಾಕಾ?

ಸೋರುವ ಹೊಲಿಗೆಗೆ, ಫಿಟ್ಟಿಂಗ್ ಸುತ್ತ, ಮುಚ್ಚಳದ ಕೆಳಗೆ ಸರಿ. ಆದರೆ ಟ್ಯಾಂಕ್ ಗೋಡೆಯ ರೆಸಿನ್ ನಿಮ್ಮ ಇಂಧನಕ್ಕೆ ತಡೆಯುತ್ತದಾ ಅನ್ನುವುದು ಬೇರೆ ಪ್ರಶ್ನೆ. ಎಥನಾಲ್ ಬೆರೆತ ಪೆಟ್ರೋಲ್ ಕೆಲವು ಎಪಾಕ್ಸಿಗಳನ್ನು ಮೆತ್ತಗೆ ಮಾಡುತ್ತದೆ. ಮೇಲೆ ಸೀಲಂಟ್ ಬಳಿದು ಅದನ್ನು ಮುಚ್ಚಿಡಲು ಆಗುವುದಿಲ್ಲ.

ಸೀಲಂಟ್ ಗೆರೆಯ ಮೇಲೆ ಬಣ್ಣ?

ಸಾಧ್ಯವಾದರೆ ಬಿಟ್ಟುಬಿಡಿ. ಗಟ್ಟಿ ಬಣ್ಣ ಆಡುವ ಗೆರೆಯ ಮೇಲೆ ಬಿರುಕು ಬಿಡುತ್ತದೆ. ಫೇರಿಂಗ್‌ಗೆ ಮೊದಲೇ ಬಣ್ಣ ಹೊಡೆದು, ಒಣಗಿಸಿ, ಆಮೇಲೆ ಅಂಚಿಗೆ ತೆಳುವಾದ ಸೀಲಂಟ್ ಗೆರೆ ಎಳೆಯುವುದು ಅಚ್ಚುಕಟ್ಟು. ಅಂಟು ಹಿಡಿಯಬೇಕಾದ ಒಳಮೈಗೆ ಬಣ್ಣ ತಾಗದಂತೆ ಟೇಪ್ ಹಾಕಿ. ಇಲ್ಲದಿದ್ದರೆ ಸೀಲಂಟ್ ಹಿಡಿಯುವುದು ಬಣ್ಣವನ್ನು, ಫೈಬರ್‌ಗ್ಲಾಸನ್ನಲ್ಲ.

ಕೈ ಮತ್ತು ಉಸಿರಿನ ರಕ್ಷಣೆ?

ನೈಟ್ರೈಲ್ ಕೈಗವಸು ಪ್ರತಿ ಸಲ. ಎಪಾಕ್ಸಿಯ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ, ಕಟ್ಟುವ ಕೆಲಸವೇ ನಿಂತುಹೋದವರಿದ್ದಾರೆ. ಪ್ರೈಮರ್ ಹಚ್ಚುವಾಗ ಗಾಳಿ ಆಡುವ ಜಾಗ ಮತ್ತು ಆವಿ ತಡೆಯುವ ಮಾಸ್ಕ್, ಉಜ್ಜುವಾಗ ಧೂಳಿನ ಮಾಸ್ಕ್.

ನನ್ನ ಕೆಲಸ ಸರಿಯಾಗಿದೆ ಅಂತ ವಿಮಾನಕ್ಕೆ ಹಾಕುವ ಮೊದಲು ತಿಳಿಯುವುದು ಹೇಗೆ?

ಮಾದರಿ ತುಂಡುಗಳನ್ನು ಮಾಡಿ. ಅದೇ ಫೈಬರ್‌ಗ್ಲಾಸ್, ಅದೇ ಅಕ್ರಿಲಿಕ್, ಅದೇ ಸ್ಯಾಂಡ್ ಪೇಪರ್, ಅದೇ ಪ್ರೈಮರ್. ಮೇಲೆ ಒಂದು ಗೇಣುದ್ದ ಸೀಲಂಟ್ ಗೆರೆ ಎಳೆದು ಒಂದೆರಡು ವಾರ ಬಿಡಿ. ಒಂದು ತುಂಡನ್ನು ಬಿಸಿಲಲ್ಲಿ, ಒಂದನ್ನು ನೀರಲ್ಲಿ, ಒಂದನ್ನು ಫ್ರೀಜರ್‌ನಲ್ಲಿ ಇನ್ನೊಂದು ವಾರ ಇಡಿ. ಆಮೇಲೆ ಗೆರೆಯ ತುದಿಯನ್ನು ಚಾಕುವಿನಿಂದ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಎಳೆಯುತ್ತಾ ಬುಡದಲ್ಲಿ ಚಾಕು ತಾಗಿಸುತ್ತಾ ಹೋಗಿ. ಸೀಲಂಟ್ ತಾನೇ ಹರಿದು, ಮೇಲ್ಮೈಯಲ್ಲಿ ಎಲ್ಲ ಕಡೆ ಅದರ ಪದರ ಉಳಿದರೆ ನಿಮ್ಮ ತಯಾರಿ ಸರಿಯಾಗಿದೆ. ಮೇಲ್ಮೈ ಸ್ವಚ್ಛವಾಗಿ ಬಿಟ್ಟುಬಂದರೆ ಎಲ್ಲೋ ತಪ್ಪಿದೆ.

ತುಂಡುಗಳ ಹಿಂದೆ ದಿನಾಂಕ, ರೆಸಿನ್ ಮತ್ತು ಸೀಲಂಟ್‌ನ ಬ್ಯಾಚ್ ನಂಬರ್, ಅವತ್ತಿನ ಉಷ್ಣತೆ ಬರೆದಿಡಿ. ಹಾರಾಟ ಶುರುವಾದ ಮೇಲೆ ಮೊದಲ ಹತ್ತು ಸಲವಾದರೂ ಇಳಿದ ತಕ್ಷಣ ಫೇರಿಂಗ್‌ನ ಸುತ್ತ ಉಗುರು ಆಡಿಸಿ ನೋಡಿ, ಮುಂದಿನ ಅಂಚಿನಿಂದ ಶುರು ಮಾಡಿ.